ಎರಡೂ ಹೊಸ ಕುದುರೆ, ಮೊದಲ ಸಲ ಟ್ರೇಲ್‌ಗೆ (ಹೊರಗಿನ ದಾರೀಲಿ ಸವಾರಿಗೆ) ಕರ್ಕೊಂಡು ಹೋಗೋದು ಹೇಗೆ? ಅನುಭವ ಇರೋರು ಹೇಳಿ

ನಮ್ಮ ಎರಡು ಎಳೇ ಕುದುರೆ ಅರೇನಾ (ಬೇಲಿ ಹಾಕಿದ ಸವಾರಿ ಅಂಗಳ) ಒಳಗೆ ಚೆನ್ನಾಗೇ ಮಾತು ಕೇಳ್ತವೆ, ಟ್ರಾಟ್ (ನಿಧಾನ ಓಟ), ಕ್ಯಾಂಟರ್ (ಅದಕ್ಕಿಂತ ಜೋರಿನ ಓಟ) ಎಲ್ಲಾ ಆಗಿದೆ, ಆದ್ರೆ ಬೇಲಿ ದಾಟಿ ಆಚೆ ಹೋಗೇ ಇಲ್ಲ. ನಾನೂ ನನ್ನ ಫ್ರೆಂಡೂ ಎರಡನ್ನೂ ಒಟ್ಟಿಗೆ ಟ್ರೇಲ್‌ಗೆ ಕರ್ಕೊಂಡು ಹೋಗೋಣ ಅಂತಿದೀವಿ. ಜೊತೆಗಿದ್ರೆ ಒಂದಕ್ಕೊಂದು ಧೈರ್ಯ ಅಲ್ವಾ?

ದಯವಿಟ್ಟು ಹೊಸ ಕುದುರೆ ಎರಡನ್ನೇ ಹೊರಡಿಸ್ಬೇಡಿ. ಕುದುರೆ ಹಿಂಡಲ್ಲಿ ಬದುಕೋ ಪ್ರಾಣಿ, ಒಂದು ಬೆದರಿದ್ರೆ ಪಕ್ಕದ್ದು ಯಾಕೆ ಏನು ಅಂತ ನೋಡ್ತಾ ನಿಲ್ಲಲ್ಲ, ಮೊದ್ಲು ಓಡುತ್ತೆ, ಆಗ ಇಬ್ರಿಗೂ ಕಷ್ಟ. ದಾರಿ ಪಳಗಿರೋ, ಸಮಾಧಾನದ ಹಳೇ ಕುದುರೆ ಯಾರ ಹತ್ರ ಇದೆಯೋ ಕೇಳಿ, ಅದು ಮುಂದೆ, ನಿಮ್ಮದು ಹಿಂದೆ, ಅದೂ ಒಂದೊಂದನ್ನೇ ಬೇರೆ ಬೇರೆ ದಿನ. ಮಧ್ಯೆ ಒಂದು ಕುದುರೆ ಉದ್ದದಷ್ಟಾದ್ರೂ ಜಾಗ ಇರ್ಲಿ, ತೀರಾ ಹತ್ರ ಹೋದ್ರೆ ಒದೆ ಬೀಳುತ್ತೆ. ಹಿಂದೆ ಸುಮ್ನೆ ಬರೋಕೆ ಶುರುವಾದ್ಮೇಲೆ ಪಕ್ಕಕ್ಕೆ ತನ್ನಿ, ಆಮೇಲೆ ಸ್ವಲ್ಪ ದೂರ ಮುಂದೆ ಬಿಡಿ.

ಇದಕ್ಕೂ ಮುಂಚೆ ಅದೇ ದಾರೀಲಿ ಹಾಲ್ಟರ್ (ಬಾಯೊಳಗೆ ಕಬ್ಬಿಣ ಇಲ್ಲದ ತಲೆಪಟ್ಟಿ), ಲೀಡ್ ರೋಪ್ (ಅದಕ್ಕೆ ಕಟ್ಟೋ ಹಗ್ಗ) ಹಾಕಿ ಕೈಯಲ್ಲೇ ಹಿಡ್ಕೊಂಡು ನಡೆಸಿ. ಎಲ್ಲಿ ಬೆದರುತ್ತೆ ಅಂತ ಮೇಲೆ ಕೂರೋಕೆ ಮುಂಚೆನೇ ಗೊತ್ತಾಗುತ್ತೆ. ಕುದುರೆ ಕಣ್ಣು ತಲೆಯ ಪಕ್ಕದಲ್ಲಿರೋದ್ರಿಂದ ಸುತ್ತಲಿಂದು ಹೆಚ್ಚುಕಮ್ಮಿ ಎಲ್ಲಾ ಕಾಣುತ್ತೆ, ಮೂಗಿನ ನೇರಕ್ಕೆ ತೀರಾ ಹತ್ರದ್ದು ಮತ್ತೆ ಬಾಲದ ಹಿಂದಿಂದು ಕಾಣಲ್ಲ, ಅದಕ್ಕೇ ಏನಾದ್ರೂ ಅನುಮಾನ ಬಂದ್ರೆ ತಲೆ ಎತ್ತಿ ಇಳಿಸಿ ನೋಡುತ್ತೆ. ಆಗ ಲಗಾಮು ಬಿಗಿ ಹಿಡಿದ್ರೆ ನೋಡೋಕೂ ಆಗಲ್ಲ, ಭಯ ಇನ್ನೂ ಜಾಸ್ತಿ. ಎರಡೂ ಕಿವಿ ಒಂದೇ ಕಡೆ ನೆಟ್ಟು, ಕತ್ತು ಕಲ್ಲಿನ ಹಾಗೆ ಬಿಗಿ ಮಾಡ್ಕೊಂಡು, ಮೂಗಲ್ಲಿ ಜೋರಾಗಿ ಗಾಳಿ ಬಿಟ್ರೆ ಅಲ್ಲೇ ನಿಲ್ಲಿಸಿ, ನೋಡ್ಲಿ ಬಿಡಿ, ಹೊಡೆದು ಬಡಿದು ಮುಂದೆ ತಳ್ಳೋದು ಬೇಡ. ತಲೆ ತಗ್ಗಿಸಿ ಬಾಯಿ ಸವರ್ಕೊಳೋಕೆ ಶುರು ಮಾಡಿದ್ರೆ ಒಂದು ಹೆಜ್ಜೆ ಹಾಕ್ಸಿ, ಹಾಕಿದ ತಕ್ಷಣ ಲಗಾಮು ಸಡಿಲ ಬಿಟ್ಟು ಕತ್ತು ಸವರಿ. ಬಿಸಿಲಿಂದ ಮರದ ನೆರಳಿಗೆ ಹೋಗೋ ಕಡೆ ನಿಂತ್ಬಿಟ್ರೆ ಹಟ ಅನ್ಕೋಬೇಡಿ, ಕತ್ತಲೆಗೆ ಹೊಂದ್ಕೊಳೋಕೆ ಅದರ ಕಣ್ಣಿಗೆ ನಮಗಿಂತ ಹೆಚ್ಚು ಹೊತ್ತು ಬೇಕು.

ಮೇಲೆ ಹೇಳಿದ್ದೆಲ್ಲಾ ಸರಿ, ಇದನ್ನೂ ಸೇರಿಸ್ಕೊಳಿ. ಒಂದೇ ಕಡೆ ಲಗಾಮು ಎಳೆದು ಕತ್ತು ಬಗ್ಗಿಸಿ ಹಿಂಗಾಲು ಪಕ್ಕಕ್ಕೆ ಸರಿಸಿ ನಿಲ್ಸೋದನ್ನ ಅರೇನಾದಲ್ಲೇ ಎರಡೂ ಕಡೆಗೆ ಕಲ್ಸಿ. ಓಡೋಕೆ ಶುರುವಾಗೋ ಮುಂಚೆ ಮಾಡ್ಬೇಕು, ಜೋರಾಗಿ ಓಡ್ತಿರೋವಾಗ ಗಕ್ಕನೆ ಎಳೆದ್ರೆ ಕುದುರೆ ಬೀಳಬಹುದು, ಇಳಿಜಾರಿನ ಕಿರಿದಾದ ದಾರೀಲಂತೂ ಬೇಡ್ವೇ ಬೇಡ. ಅಂಥ ಜಾಗದಲ್ಲಿ ಕುದುರೆ ಬಿಗಿಯಾಗ್ತಿದೆ ಅನ್ಸಿದ್ರೆ ಇನ್ನೂ ಕೈಯಲ್ಲಿರೋವಾಗ್ಲೇ ಇಳಿದು ನಡೆಸ್ಕೊಂಡು ಹೋಗಿ, ಇದ್ರಲ್ಲಿ ಅವಮಾನ ಏನೂ ಇಲ್ಲ. ಹೆಲ್ಮೆಟ್ ಕಡ್ಡಾಯ. ಫೋನ್ ಸ್ಯಾಡಲ್ ಬ್ಯಾಗಲ್ಲಿ ಇಡ್ಬೇಡಿ, ನೀವು ಬಿದ್ದು ಕುದುರೆ ಓಡೋದ್ರೆ ಫೋನೂ ಅದ್ರ ಜೊತೆ ಹೋಗುತ್ತೆ.

ನೀರು ದಾಟೋದ್ರ ಬಗ್ಗೆ ಯಾರೂ ಹೇಳಿಲ್ಲ. ಹಳೇ ಕುದುರೆ ದಾಟಿದ ಮೇಲೆ ಆಚೆ ದಡದಲ್ಲೇ ನಿಂತು ಕಾಯ್ಬೇಕು, ಅದು ಹೊರಟುಬಿಟ್ರೆ ಹೊಸದು ಎಲ್ಲಿ ಬಿಟ್ಟೋಗ್ತಾರೋ ಅಂತ ಗಾಬರಿಯಿಂದ ನೀರು ಹಾರೋಕೆ ನೋಡುತ್ತೆ, ಮೇಲಿರೋರು ರೆಡಿ ಇರಲ್ಲ. ಹೊರಟು ಸ್ವಲ್ಪ ಹೊತ್ತಿಗೆ ಒಂದ್ಸಲ ಗರ್ತ್ (ಜೀನು ಬಿಗಿಯೋ ಹೊಟ್ಟೆಪಟ್ಟಿ) ಚೆಕ್ ಮಾಡಿ, ಮೊದಲು ಬಿಗಿದಿದ್ದು ಸಡಿಲ ಆಗಿರುತ್ತೆ. ಕಟ್ಟಬೇಕಾದ್ರೆ ಹಾಲ್ಟರ್ ಹಗ್ಗದಲ್ಲೇ ಕಟ್ಟಿ, ಲಗಾಮಲ್ಲಿ ಕಟ್ಟಿದ್ರೆ ಹಿಂದಕ್ಕೆ ಜಗ್ಗಿದಾಗ ಬಾಯಿಗೆ ಗಾಯ ಆಗುತ್ತೆ. ವಾಪಸ್ ಬರೋವಾಗ ಲಾಯ ಹತ್ರ ಬಂತು ಅಂತ ಅವಸರ ಮಾಡುತ್ತೆ, ಓಡೋಕೆ ಬಿಡ್ಬೇಡಿ, ತಿರುಗಿಸಿ ನಾಲ್ಕು ಹೆಜ್ಜೆ ಆಚೆ ಹೋಗಿ ಮತ್ತೆ ಬನ್ನಿ, ಕೊನೇ ದಾರಿ ಪೂರ್ತಿ ವಾಕ್‌ನಲ್ಲೇ ಬರ್ಲಿ.