ಹೂಗಿಡದ ‘ಬಲ್ಬ್’ ಗಡ್ಡೆಯೋ, ಉಳ್ಳಿಯೋ?

ಬಳ್ಳಾರಿಯ ನಮ್ಮ ಮನೆಯ ಹಿತ್ತಲಲ್ಲಿ ದೊಡ್ಡ ಬೇವಿನ ಮರವಿದೆ. ಅದರ ನೆರಳಿನಲ್ಲಿ ಗುಲಾಬಿ ಹಾಕಿದರೆ ಬರೀ ಎಲೆ, ಮೊಗ್ಗಿಲ್ಲ. ಹಾಗಾಗಿ ಎರಡು ವರ್ಷಗಳ ಹಿಂದೆ, ನೆರಳನ್ನೇ ಬಯಸುವ ಸ್ಕ್ಯಾಡಾಕ್ಸಸ್ ತರಿಸಿದೆ. ಆಫ್ರಿಕಾ ಮೂಲದ ಈ ಗಿಡವನ್ನು ಮೇ ಹೂವು ಎನ್ನುವವರೂ ಇದ್ದಾರೆ, ಫುಟ್‌ಬಾಲ್ ಲಿಲ್ಲಿ ಎನ್ನುವವರೂ ಇದ್ದಾರೆ. ಚಳಿಗಾಲವಿಡೀ ಮಣ್ಣಿನೊಳಗೆ ಸುಮ್ಮನಿದ್ದು, ಏಪ್ರಿಲ್ ಕೊನೆಯ ಭರಣಿ ಮಳೆಯ ಹೊತ್ತಿಗೆ ಬರಿ ನೆಲದಿಂದ ದಪ್ಪ ದಂಟೊಂದನ್ನು ಎತ್ತುತ್ತದೆ. ದಂಟಿನ ತುದಿಯಲ್ಲಿ ಪುಟ್ಟ ಪುಟ್ಟ ಕೆಂಪು ಹೂಗಳೆಲ್ಲ ಸೇರಿ ಒಂದು ಚೆಂಡಾಗಿ ಬಿರಿಯುತ್ತವೆ.

ತರಿಸಿದ ಹತ್ತು ಬಲ್ಬ್‌ಗಳಲ್ಲಿ, ಅಂದರೆ ನೆಲದೊಳಗಿನ ಉಬ್ಬಿದ ಬುಡಗಳಲ್ಲಿ, ಆರು ಕೊಳೆತು ಹೋದವು. ಅದಕ್ಕೆ ಕಾರಣ ಒಂದು ಪದ ಎಂದು ನಾನು ನಂಬಿದ್ದೇನೆ. ಪೊಟ್ಟಣದೊಳಗಿದ್ದ ಕನ್ನಡದ ಚೀಟಿಯಲ್ಲಿ ‘ಗಡ್ಡೆ ದೊಡ್ಡದಿದ್ದರೆ ಬಿಡಿಸಿ ನೆಡಿರಿ’ ಎಂದಿತ್ತು. ತಾಯಿಯ ಪಕ್ಕದಲ್ಲಿ ಹುಟ್ಟಿದ ಮರಿಗಳನ್ನು ಬೇರ್ಪಡಿಸಿ ಎಂಬುದು ಬರೆದವರ ಮನಸ್ಸಿನಲ್ಲಿದ್ದ ಅರ್ಥವಿರಬೇಕು. ತೋಟದ ಕೆಲಸಕ್ಕೆ ಬರುವ ಹಿರಿಯರು ಊರಿನಲ್ಲಿ ಸುವರ್ಣಗಡ್ಡೆ ಬೆಳೆದವರು. ಗಡ್ಡೆ ಎಂದ ಮೇಲೆ ಕಣ್ಣು ನೋಡಿ ಹೋಳು ಮಾಡುವುದು ಅವರಿಗೆ ಗೊತ್ತಿರುವ ಸರಿಯಾದ ಕ್ರಮ. ಆರನ್ನು ಕೊಯ್ದು ನೆಟ್ಟರು. ಹತ್ತು ದಿನಗಳ ನಂತರ ಕೆದಕಿ ನೋಡಿದರೆ ಐದು ಕಂದು ಬಣ್ಣದ ಲೋಳೆಯಾಗಿದ್ದವು. ಆರನೆಯದರ ಅರ್ಧ ಹೋಳು ಮಾತ್ರ ಇನ್ನೂ ಗಟ್ಟಿಯಾಗಿತ್ತು. ತೊಳೆದು ಅಂಗೈಯಲ್ಲಿಟ್ಟುಕೊಂಡೆ. ಪದರದ ಮೇಲೆ ಪದರ, ಅಡ್ಡ ಕೊಯ್ದ ಈರುಳ್ಳಿಯ ಹಾಗೆಯೇ. ಬೇರು ಹೊರಡುವುದಕ್ಕೆ ಬೇಕಾದ ತಳದ ಗಟ್ಟಿ ಬಿಲ್ಲೆ ಅದರಲ್ಲಿ ಇರಲೇ ಇಲ್ಲ. ಅದು ಚಿಗುರುವುದಾದರೂ ಹೇಗೆ?

ಅಂದಿನಿಂದ, ಇದನ್ನು ಕನ್ನಡದಲ್ಲಿ ಏನೆಂದು ಕರೆಯಬೇಕೆಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನೆಲದೊಳಗಿನ ಉಬ್ಬಿಗೆಲ್ಲ ನಾವು ಗಡ್ಡೆ ಎಂಬ ಒಂದೇ ಹೆಸರು ಕೊಟ್ಟಿದ್ದೇವೆ. ಆಲೂಗಡ್ಡೆ, ಕೆಸವಿನ ಗಡ್ಡೆ, ಬಾಳೆಗಡ್ಡೆ ಎಲ್ಲವೂ ಗಡ್ಡೆಯೇ. ಪತ್ರಿಕೆಯಲ್ಲಿ ಮಿದುಳಿನಲ್ಲಿ ಬೆಳೆಯುವುದೂ ಗಡ್ಡೆಯೇ. ಅರಿಶಿನದಂಥ ಕೆಲವಕ್ಕೆ ‘ಕೊಂಬು’ ಎಂಬ ಚೆಂದದ ಬೇರೆ ಪದ ಉಳಿದುಕೊಂಡಿದೆ. ಸುವರ್ಣಗಡ್ಡೆಯ ಒಳಗೆಲ್ಲ ಒಂದೇ ತಿರುಳು, ಕಣ್ಣಿರುವ ಯಾವ ಹೋಳಾದರೂ ಮೊಳೆಯುತ್ತದೆ. ಸ್ಕ್ಯಾಡಾಕ್ಸಸ್, ಟುಲಿಪ್‌ಗಳದ್ದು ಹಾಗಲ್ಲ. ಅಲ್ಲಿರುವುದು ಆಹಾರ ತುಂಬಿಕೊಂಡ ಎಲೆಬುಡಗಳ ಪದರಗಳು, ಮಧ್ಯದಲ್ಲಿ ಮೊಗ್ಗು, ಅಡಿಯಲ್ಲಿ ಬಿಲ್ಲೆಯಂಥ ಕಾಂಡ. ಎರಡಕ್ಕೂ ಒಂದೇ ಹೆಸರಿಟ್ಟರೆ ಕತ್ತಿ ಹಿಡಿದವರಿಗೆ ವ್ಯತ್ಯಾಸ ಗೊತ್ತಾಗುವ ದಾರಿಯಿಲ್ಲ.

ಈ ಪದರಗಳ ಬುಡಕ್ಕೆ ಇಂಗ್ಲಿಷಿನ ‘ಬಲ್ಬ್’ ಎಂದೇ ಬರೆಯೋಣವೆಂದರೆ, ಕನ್ನಡದಲ್ಲಿ ಅದು ದೀಪಕ್ಕೆ ಸಂದುಹೋಗಿದೆ. ‘ಕಂದ’ ಎಂಬುದು ಸಂಸ್ಕೃತದಲ್ಲಿಯೂ ಗಡ್ಡೆಯಷ್ಟೇ ಅಗಲವಾದ ಪದ. ಕೆಲವು ಬರಹಗಳಲ್ಲಿ ‘ಲಶುನ’ ಎಂಬುದನ್ನು ಓದಿದ್ದೇನೆ. ಲಶುನ ಎಂದರೆ ಬೆಳ್ಳುಳ್ಳಿ. ಬೆಳ್ಳುಳ್ಳಿಯ ಸಂಸ್ಕೃತ ಹೆಸರನ್ನು ಇಡೀ ಜಾತಿಗೆ ಹಿಗ್ಗಿಸಬಹುದಾದರೆ, ಬೆಳ್ಳುಳ್ಳಿಯೊಳಗೇ ಇರುವ ನಮ್ಮ ‘ಉಳ್ಳಿ’ಯನ್ನು ಏಕೆ ಹಿಗ್ಗಿಸಬಾರದು? ಬೆಳ್ + ಉಳ್ಳಿ, ಅಂದರೆ ಬಿಳಿಯ ಉಳ್ಳಿ. ನೀರು + ಉಳ್ಳಿ ನೀರುಳ್ಳಿ. ನಮ್ಮ ಭಾಗದ ಸಂತೆಯಲ್ಲಿ ಕೇಳುವ ‘ಉಳ್ಳಾಗಡ್ಡಿ’ಯೂ ‘ಉಳ್ಳಿಯ ಗಡ್ಡೆ’ಯೇ ಸವೆದು ಆದದ್ದು ಎಂದು ನನ್ನ ಊಹೆ. ತೆಲುಗಿನಲ್ಲಿ ಉಲ್ಲಿ, ವೆಲ್ಲುಲ್ಲಿ, ತಮಿಳು ಮಲಯಾಳಗಳಲ್ಲಿ ಉಳ್ಳಿ ಇವೆ. ಬೇರೆ ಭಾಷೆಗಳೂ ಇದೇ ದಾರಿ ಹಿಡಿದಿವೆ. ಇಂಗ್ಲಿಷಿನ ಬಲ್ಬ್ ಹುಟ್ಟಿದ್ದು ಗ್ರೀಕಿನ ‘ಬೊಲ್ಬೊಸ್’ನಿಂದ. ಅದರ ಮೊದಲ ಅರ್ಥ ಈರುಳ್ಳಿಯಂಥ ಗಡ್ಡೆ, ದೀಪಕ್ಕೆ ಆ ಹೆಸರು ಬಂದದ್ದು ಆಕಾರದ ಹೋಲಿಕೆಯಿಂದ. ಪರ್ಷಿಯನ್ನಿನಲ್ಲಿ ‘ಪ್ಯಾಜ್’ ಎಂದರೆ ಅಡುಗೆಯ ಈರುಳ್ಳಿಯೂ ಹೌದು, ಟುಲಿಪ್‌ನ ಗಡ್ಡೆಯೂ ಹೌದು.

ಒಂದು ತೊಡಕು ಇದೆ, ಅದನ್ನು ಮುಚ್ಚಿಡಲಾರೆ. ಮೈಸೂರು ಕಡೆ ಆಡುಮಾತಿನಲ್ಲಿ ಹುರುಳಿಗೂ ‘ಉಳ್ಳಿ’ ಎನ್ನುತ್ತಾರೆ. ಉಳ್ಳಿ ನೆಡಿ ಎಂದರೆ ಅವರಿಗೆ ಉಳ್ಳಿಕಾಳು ನೆನಪಾದೀತು. ಅದಕ್ಕೇ ‘ಹೂವುಳ್ಳಿ’ ಎಂದು ಜೋಡಿಸಿ ನೋಡಿದ್ದೇನೆ. ಬಾಯಿಗೆ ಸಲೀಸಾಗಿದೆ, ಕಾಳಿನ ಗೊಂದಲವೂ ಇಲ್ಲ, ಕತ್ತರಿಸಿ ನೆಡುವಂಥದ್ದಲ್ಲ ಎಂಬ ಎಚ್ಚರಿಕೆಯೂ ಹೆಸರಿನಲ್ಲೇ ಇದೆ. ಈರುಳ್ಳಿಯನ್ನು ಹೋಳು ಮಾಡಿ ಬಿತ್ತುವವರನ್ನು ನಾನು ಈ ಜಿಲ್ಲೆಯಲ್ಲಿ ಕಂಡಿಲ್ಲ.

ಇದರ ಜೊತೆಗೇ ಇನ್ನೊಂದು ಸಣ್ಣ ಸಂದೇಹ. ಇಂಥ ಗಿಡಗಳ ವಿವರದಲ್ಲಿ ‘ಸ್ಪ್ರಿಂಗ್‌ನಲ್ಲಿ ಅರಳುವ’ ಎಂಬುದನ್ನು ಎಲ್ಲರೂ ‘ವಸಂತದಲ್ಲಿ ಅರಳುವ’ ಎಂದು ಬರೆಯುತ್ತಾರೆ. ಯುರೋಪಿನ ಕಾಡುಗಳಲ್ಲಿ ಮರಗಳು ಎಲೆ ತಳೆದು ನೆರಳು ಕವಿಯುವ ಮೊದಲು, ಹಿಮ ಕರಗಿದ ತಂಪಿನಲ್ಲಿ ಸ್ನೋಡ್ರಾಪ್ ಎಂಬ ಪುಟ್ಟ ಬಿಳಿ ಹೂಗಳು ಅರಳುವ ಕಾಲ ಅದು. ನಮ್ಮ ವಸಂತ ಎಂದರೆ ಚೈತ್ರ, ವೈಶಾಖ. ಬಳ್ಳಾರಿ, ರಾಯಚೂರುಗಳಲ್ಲಿ ನಲವತ್ತು ಡಿಗ್ರಿ ಮುಟ್ಟುವ ಬಿಸಿಲು. ಇಲ್ಲಿ ಹೂ ಬಿಡುವ ಉಳ್ಳಿಗಳಿಗೆ ಮಳೆ ನಕ್ಷತ್ರದ ಹೆಸರು ಹೆಚ್ಚು ಒಪ್ಪುತ್ತದೆ ಎಂದು ನನಗನ್ನಿಸುತ್ತದೆ. ‘ಭರಣಿಗೆ ಅರಳುವುದು’ ಎಂದು ಬರೆದರೆ ನೀರು ಯಾವಾಗ ಹಾಕಬೇಕೆಂಬುದೂ ರೈತರಿಗೆ ತಿಳಿದುಬಿಡುತ್ತದೆ.

ಬಲ್ಲವರಲ್ಲಿ ನನ್ನ ಕೋರಿಕೆ ಇಷ್ಟು. ರಾಯಚೂರು, ಕೊಪ್ಪಳ, ಬಳ್ಳಾರಿಯ ಹಳ್ಳಿಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಿಟ್ಟು ಬೇರೆ ಗಿಡದ ಬುಡಕ್ಕೆ ‘ಉಳ್ಳಿ’ ಎಂದು ಕರೆಯುವುದನ್ನು ಯಾರಾದರೂ ಕೇಳಿದ್ದೀರಾ? ಗುಡ್ಡದ ಕಲ್ಲುಸಂದಿಯಲ್ಲಿ ಬೇಸಿಗೆಯಲ್ಲಿ ಎಲೆಯಿಲ್ಲದೆ ಹೂ ಬಿಡುವ ಕಾಡು ಈರುಳ್ಳಿಯನ್ನು ನಿಮ್ಮ ಕಡೆ ಏನೆನ್ನುತ್ತಾರೆ? ಎಲೆ ಬಾಡಿ ನೆಲದೊಳಗೆ ಮಲಗಿರುವ ಸ್ಥಿತಿಗೆ ಒಕ್ಕಲಿಗರ ಬಾಯಲ್ಲಿ ಪದವಿದೆಯೇ? ಉಳಿದ ನಾಲ್ಕರ ಪಕ್ಕದಲ್ಲಿ ಈಗ ಮರಿಗಳು ಬಂದಿವೆ. ನೆರೆಯವರಿಗೆ ಕೊಡಬೇಕೆಂದಿದ್ದೇನೆ, ಜೊತೆಗೊಂದು ಚೀಟಿ ಬರೆಯಬೇಕು.