ವ್ಯಾಕ್ಯೂಮ್ ಮಾಡಿದ ಕೆಸರು ಮತ್ತೆ ಪೂಲ್‌ಗೇ ಬರುತ್ತಿದೆ: ಸ್ಯಾಂಡ್ ಫಿಲ್ಟರ್ ಇರುವವರು ಏನು ಮಾಡುತ್ತೀರಿ?

ಕೇಳಿದ್ದು: ಮಲೆನಾಡಿನ ಹೋಂಸ್ಟೇ ಪೂಲ್. 10 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಆಳ 1.25 ಮೀಟರ್, ಅಂದರೆ 50 ಸಾವಿರ ಲೀಟರ್. 600 ಎಂಎಂ ವ್ಯಾಸದ ಸ್ಯಾಂಡ್ ಫಿಲ್ಟರ್, ಆರು ಸ್ಥಾನದ ಮಲ್ಟಿಪೋರ್ಟ್ ವಾಲ್ವ್ (ಹಿಡಿ ತಿರುಗಿಸಿ ನೀರಿನ ದಾರಿ ಬದಲಿಸುವುದು), 1 ಎಚ್‌ಪಿ ಪಂಪ್. ಮಳೆ ಬಂದರೆ ದಿಬ್ಬದ ಕೆಂಪು ಮಣ್ಣು ಇಳಿಯುತ್ತದೆ, ಸಿಲ್ವರ್ ಓಕ್ ಎಲೆಯ ಕಾಟ ಬೇರೆ. ವ್ಯಾಕ್ಯೂಮ್ ಮಾಡುತ್ತಿರುವಾಗಲೇ ಜೆಟ್‌ನಿಂದ (ಫಿಲ್ಟರ್ ಆದ ನೀರು ಪೂಲ್‌ಗೆ ಮರಳುವ ಬಾಯಿ) ಕೆಸರು ಮೋಡದ ಹಾಗೆ ವಾಪಸ್ ಬರುತ್ತದೆ, ನಡುವೆ ಎಳೆತವೂ ಬಿದ್ದುಹೋಗುತ್ತದೆ. ದಿನಾ ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖ ಹರಿಸಿ ಮರಳು ತೊಳೆಯುವುದು) ಮಾಡಿದರೂ ನೀರು ತಿಳಿಯಾಗುತ್ತಿಲ್ಲ. ಮರಳು ಬದಲಿಸಲೇಬೇಕಾ?

ಉತ್ತರ 1: ಮರಳಿಗೆ ದುಡ್ಡು ಸುರಿಯುವ ಮೊದಲು ಜೆಟ್‌ನಿಂದ ಬರುವುದು ಏನು, ಯಾವಾಗ ಬರುತ್ತದೆ ಅಂತ ನೋಡಿ. ಪಂಪ್ ಹಾಕಿದ ಮೊದಲ ಅರ್ಧ ನಿಮಿಷ ಮಾತ್ರ ಬಂದು ನಿಂತರೆ, ಬ್ಯಾಕ್‌ವಾಶ್ ಆದಮೇಲೆ ರಿನ್ಸ್ (ಮರಳಿನಲ್ಲಿ ಉಳಿದ ಕೊಳೆಯನ್ನು ಹೊರಗೆ ತೊಳೆದುಬಿಡುವುದು) ಮಾಡಿಲ್ಲ ಅಂತ ಅರ್ಥ. ಜೆಟ್ ಕೆಳಗೆ ಬೆರಳಿಗೆ ತರಿತರಿಯಾಗಿ ಸಿಗುವ ಹರಳು ಕೂತಿದ್ದರೆ ಅದು ಫಿಲ್ಟರ್ ಮರಳೇ. ಟ್ಯಾಂಕಿನ ತಳದ ಲ್ಯಾಟರಲ್ (ಮರಳು ತಡೆದು ನೀರು ಮಾತ್ರ ಬಿಡುವ ಸೀಳಿನ ಕೊಳವೆ) ಬಿರುಕು ಬಿಟ್ಟಿದೆ. ವ್ಯಾಕ್ಯೂಮ್ ಮಾಡುವಷ್ಟು ಹೊತ್ತೂ ನುಣ್ಣನೆ ಕೆಸರು ಬರುತ್ತಿದ್ದರೆ, ನಿಮ್ಮದು ಹಾಗೇ ಅನಿಸುತ್ತದೆ, ಕಾರಣ ಮಣ್ಣಿನಲ್ಲೇ ಇದೆ. ಸ್ಯಾಂಡ್ ಫಿಲ್ಟರ್ ಹಿಡಿಯುವ ಅತಿ ಸಣ್ಣ ಕಣ ಅಂದರೆ 20ರಿಂದ 40 ಮೈಕ್ರಾನ್‌ನದು (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಕೆಂಪು ಮಣ್ಣಿನ ಜೇಡಿ ಅದಕ್ಕಿಂತ ಎಷ್ಟೋ ಸಣ್ಣದು. ಹೊಸ ಮರಳು ಹಾಕಿದರೂ ಅದು ತೂರಿ ಬರುತ್ತದೆ.

ಆದ್ದರಿಂದ ಅದನ್ನು ಫಿಲ್ಟರ್‌ಗೆ ಕಳಿಸಲೇಬೇಡಿ. ವಾಲ್ವ್‌ ಅನ್ನು ವೇಸ್ಟ್‌ನಲ್ಲಿಟ್ಟು ಸೀದಾ ಹೊರಗೆ ಬಿಡಿ. ಲೆಕ್ಕ ಹೀಗೆ: ಈ ಅಳತೆಯ ಫಿಲ್ಟರ್‌ನಲ್ಲಿ ಗಂಟೆಗೆ ಸುಮಾರು 8 ಸಾವಿರ ಲೀಟರ್ ಹರಿಯುತ್ತದೆ, ನಿಮಿಷಕ್ಕೆ 135 ಲೀಟರ್ ಆಸುಪಾಸು. ನಿಮ್ಮ ಪೂಲ್‌ನಲ್ಲಿ 1 ಸೆಂಟಿಮೀಟರ್ ಅಂದರೆ 400 ಲೀಟರ್. 20 ನಿಮಿಷ ವ್ಯಾಕ್ಯೂಮ್ ಮಾಡಿದರೆ 7 ಸೆಂಟಿಮೀಟರ್ ಇಳಿಯುತ್ತದೆ. ವೇಸ್ಟ್‌ನಲ್ಲಿ ಮರಳಿನ ತಡೆ ಇಲ್ಲದ್ದರಿಂದ ಇನ್ನೂ ಸ್ವಲ್ಪ ಜಾಸ್ತಿಯೇ ಹೋಗಬಹುದು. ಹಿಂದಿನ ದಿನವೇ ಅಷ್ಟು ನೀರು ಏರಿಸಿಟ್ಟುಕೊಳ್ಳಿ.

ಎಲೆಯನ್ನು ಮಾತ್ರ ಮೊದಲೇ ಬಲೆಯಿಂದ ತೆಗೆಯಿರಿ. ವ್ಯಾಕ್ಯೂಮ್ ಎಲೆ ತೆಗೆಯುವ ಸಾಧನವಲ್ಲ.

ಉತ್ತರ 2: ಎಳೆತ ಬೀಳುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಗಾಳಿಯೇ ಕಾರಣ. ಕ್ರಮ ಹೀಗಿರಲಿ. ಪಂಪ್ ನಿಲ್ಲಿಸಿ, ಸ್ಕಿಮ್ಮರ್ (ಗೋಡೆಯಲ್ಲಿ ಮೇಲ್ಮೈ ನೀರು ಎಳೆಯುವ ಬಾಯಿ) ಬುಟ್ಟಿ, ಪಂಪಿನ ಬುಟ್ಟಿ ಎರಡನ್ನೂ ಖಾಲಿ ಮಾಡಿ. ಪಂಪ್ ಮುಚ್ಚಳದ ಓ-ರಿಂಗ್ ಒರೆಸಿ, ಸಿಲಿಕೋನ್ ಗ್ರೀಸ್ ಸವರಿ (ವ್ಯಾಸಲಿನ್ ಬೇಡ, ರಬ್ಬರ್ ಉಬ್ಬುತ್ತದೆ). ವಾಲ್ವ್ ಫಿಲ್ಟರ್‌ನಲ್ಲಿರುವಾಗಲೇ ಪಂಪ್ ಮತ್ತೆ ಹಾಕಿ. ವ್ಯಾಕ್ಯೂಮ್ ಹೆಡ್‌ಗೆ ಕೋಲು, ಹೋಸ್ ಜೋಡಿಸಿ ತಳಕ್ಕೆ ಇಳಿಸಿ. ಹೋಸಿನ ಇನ್ನೊಂದು ತುದಿಯನ್ನು ಜೆಟ್‌ಗೆ ಒತ್ತಿ ಹಿಡಿಯಿರಿ. ಹೆಡ್‌ನಿಂದ ಗುಳ್ಳೆ ಬರುವುದು ಪೂರ್ತಿ ನಿಂತರೆ ಹೋಸ್ ತುಂಬಿದೆ ಅಂತ. ತುದಿಯನ್ನು ನೀರಿನಿಂದ ಮೇಲೆತ್ತದೆ ಸ್ಕಿಮ್ಮರ್ ತೂತಿಗೋ ಗೋಡೆಯ ವ್ಯಾಕ್ಯೂಮ್ ಪಾಯಿಂಟ್‌ಗೋ ಸಿಕ್ಕಿಸಿ. ಆಮೇಲೆ ಮೇನ್ ಡ್ರೇನ್ (ಪೂಲ್ ತಳದಿಂದ ನೀರು ಎಳೆಯುವ ತೂತು) ವಾಲ್ವ್ ಮುಚ್ಚಿ. ಎಳೆತ ಸರಿಯಾಗಿ ಸಿಕ್ಕಿತು ಅಂತಾದ ಮೇಲೆ ಪಂಪ್ ನಿಲ್ಲಿಸಿ, ವಾಲ್ವ್‌ ಅನ್ನು ವೇಸ್ಟ್‌ಗೆ ತಿರುಗಿಸಿ, ಮತ್ತೆ ಪಂಪ್ ಹಾಕಿ. ವೇಸ್ಟ್‌ನಲ್ಲಿ ಜೆಟ್‌ಗೆ ನೀರೇ ಬರುವುದಿಲ್ಲ, ಹಾಗಾಗಿ ಹೋಸ್ ತುಂಬುವ ಕೆಲಸ ಮೊದಲೇ ಮುಗಿದಿರಬೇಕು.

ಹೆಡ್ ಎಳೆಯುವ ವೇಗದಲ್ಲೇ ಬಹಳ ಜನ ಕೆಡಿಸುವುದು. ನೆಲ ಒರೆಸುವ ಹಾಗೆ ರಪರಪ ಎಳೆದರೆ ಕೆಸರು ಎದ್ದು ಆ ದಿನದ ಕೆಲಸ ಅಲ್ಲಿಗೇ ಮುಗಿಯಿತು. ಆಳ ಕಡಿಮೆ ಇರುವ ಕಡೆಯಿಂದ ಆಳದ ಕಡೆಗೆ, ನಿಧಾನ, ಒಂದು ಪಟ್ಟಿಯ ಅಂಚಿನ ಮೇಲೆ ಇನ್ನೊಂದು ಬರುವ ಹಾಗೆ ಎಳೆಯಿರಿ. ನೀರಿನ ಮಟ್ಟ ಸ್ಕಿಮ್ಮರ್ ಬಾಯಿಯ ಅರ್ಧಕ್ಕಿಂತ ಕೆಳಗೆ ಹೋದರೆ ಗಾಳಿ ಎಳೆಯಲು ಶುರು, ಆಗ ನಿಲ್ಲಿಸಿ.

ಕೆಲಸ ನಡೆಯುವಾಗ ಪೂಲ್‌ನಲ್ಲಿ ಯಾರೂ ಇರಬಾರದು. ಹೋಸ್ ತೆಗೆದಮೇಲೆ ವ್ಯಾಕ್ಯೂಮ್ ಪಾಯಿಂಟಿನ ಸ್ಪ್ರಿಂಗ್ ಮುಚ್ಚಳ ಮುಚ್ಚಿಕೊಂಡಿತಾ ಅಂತ ಕೈಯಿಟ್ಟು ನೋಡಿ. ಮಗುವಿನ ಕೈ ಸಿಕ್ಕಿಕೊಳ್ಳುವ ಜಾಗ ಅದು.

ಉತ್ತರ 3: ದಿನಾ ಬ್ಯಾಕ್‌ವಾಶ್ ಮಾಡುವುದೇ ನಿಮ್ಮ ನೀರು ತಿಳಿಯಾಗದಿರಲು ಅರ್ಧ ಕಾರಣ! ಮರಳಿನ ಮೇಲೆ ಸ್ವಲ್ಪ ಕೊಳೆ ಕೂತಾಗಲೇ ಸಣ್ಣ ಕಣ ಹಿಡಿಯುವುದು. ತೊಳೆದ ಕೂಡಲೇ ಒತ್ತಡದ ಗೇಜ್ ಎಷ್ಟು ತೋರಿಸುತ್ತದೆ ಅಂತ ಟ್ಯಾಂಕಿನ ಮೇಲೇ ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದಿಡಿ. ಅದಕ್ಕಿಂತ 8-10 ಪಿಎಸ್‌ಐ ಏರಿದಾಗ ಮಾತ್ರ ಬ್ಯಾಕ್‌ವಾಶ್. ಸೈಟ್ ಗ್ಲಾಸ್ (ಹೊರಹೋಗುವ ನೀರು ಕಾಣುವ ಗಾಜಿನ ಕಿಂಡಿ) ತಿಳಿಯಾಗುವವರೆಗೆ 2-3 ನಿಮಿಷ, ಆಮೇಲೆ ರಿನ್ಸ್ ಅರ್ಧದಿಂದ ಒಂದು ನಿಮಿಷ, ಆಮೇಲೆ ಫಿಲ್ಟರ್.

ಪಂಪ್ ಓಡುತ್ತಿರುವಾಗ ಹಿಡಿ ತಿರುಗಿಸಬೇಡಿ. ಒಳಗಿನ ಸ್ಪೈಡರ್ ಗ್ಯಾಸ್ಕೆಟ್ (ನೀರಿನ ದಾರಿಗಳನ್ನು ಬೇರೆ ಇಡುವ ರಬ್ಬರ್) ಜಾಗ ಬಿಟ್ಟು ಎದ್ದರೆ ಕೊಳೆ ನೀರು ಮರಳನ್ನು ಮುಟ್ಟದೆ ಅಡ್ಡದಾರಿಯಲ್ಲಿ ಪೂಲ್‌ಗೆ ಬರುತ್ತದೆ. ಫಿಲ್ಟರ್ ಸ್ಥಾನದಲ್ಲಿದ್ದಾಗಲೂ ವೇಸ್ಟ್ ಪೈಪಿನಲ್ಲಿ ನೀರು ತೊಟ್ಟಿಕ್ಕುತ್ತಿದ್ದರೆ ಗ್ಯಾಸ್ಕೆಟ್ ಹೋಗಿದೆ ಅಂತಲೇ.

ಮರಳಿಗೆ 5-7 ವರ್ಷ ಆಗಿದ್ದರೆ ಮುಚ್ಚಳ ತೆಗೆದು ನೋಡಿ. ಮೇಲ್ಮೈ ಸಮ ಇದ್ದು ಕೈ ಹಾಕಿದರೆ ಉದುರುದುರಾಗಿದ್ದರೆ ಬಿಟ್ಟುಬಿಡಿ. ಗಟ್ಟಿ ಹೆಂಟೆ, ಕೊಳವೆಯಂಥ ತೂತು ಕಂಡರೆ ಬದಲಿಸಿ. 0.4ರಿಂದ 0.8 ಎಂಎಂ ಸಿಲಿಕಾ ಮರಳೇ ಬೇಕು. ಹೊಳೆ ಮರಳು ಜರಡಿ ಹಿಡಿದು ಹಾಕಿದರೆ ಆಗಲ್ವಾ ಅಂದರೆ, ಆಗಲ್ಲ. ಸುರಿಯುವ ಮೊದಲು ಟ್ಯಾಂಕಿಗೆ ಅರ್ಧ ನೀರು ತುಂಬಿ, ಇಲ್ಲದಿದ್ದರೆ ಮರಳಿನ ಹೊಡೆತಕ್ಕೆ ಲ್ಯಾಟರಲ್ ಮುರಿಯುತ್ತದೆ. ನಡುವಿನ ಪೈಪಿನ ಬಾಯಿಗೆ ಟೇಪ್ ಸುತ್ತಿಡಿ.

ಉತ್ತರ 4: ನೀರಿನಲ್ಲೇ ತೇಲುವ ಕೆಂಪು ಕೆಸರು ತಳಕ್ಕೆ ಇಳಿಯದಿದ್ದರೆ ಪಟಿಕ ಹಾಕಿ. 1000 ಲೀಟರ್‌ಗೆ 20-30 ಗ್ರಾಂ, ಅಂದರೆ ನಿಮಗೆ 1ರಿಂದ 1.5 ಕೆಜಿ. ಬಕೆಟ್‌ನಲ್ಲಿ ಕರಗಿಸಿ ಸುತ್ತಲೂ ಎರಚಿ. ವಾಲ್ವ್ ರೀಸರ್ಕ್ಯುಲೇಟ್‌ನಲ್ಲಿಟ್ಟು (ಮರಳು ಮುಟ್ಟದೆ ನೀರು ತಿರುಗುವ ಸ್ಥಾನ) ಒಂದು ಗಂಟೆ ಓಡಿಸಿ, ಪಂಪ್ ನಿಲ್ಲಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಳದಲ್ಲಿ ಕೂತದ್ದನ್ನು ವೇಸ್ಟ್‌ನಲ್ಲೇ ತೆಗೆಯಿರಿ. ಫಿಲ್ಟರ್‌ಗೆ ಹೋದರೆ ಮರಳು ಅಂಟಾಗಿ ಹೆಂಟೆ ಕಟ್ಟುತ್ತದೆ.

ಉತ್ತರ 5: ಪಟಿಕಕ್ಕೆ ಒಂದು ಸೇರ್ಪಡೆ. ಪಿಎಚ್ 7.8 ದಾಟಿದ್ದರೆ ಅದು ಸರಿಯಾಗಿ ಗಂಟು ಕಟ್ಟುವುದಿಲ್ಲ, ಮೊದಲು 7.2-7.6ಕ್ಕೆ ತನ್ನಿ. ಆ ಪ್ರಮಾಣದ ಪಟಿಕಕ್ಕೆ ಆಲ್ಕಲಿನಿಟಿ (ಪಿಎಚ್ ಏರಿಳಿತ ತಡೆಯುವ ಕ್ಷಾರಗುಣ) ಸುಮಾರು 10 ಪಿಪಿಎಂ (ಲೀಟರ್‌ಗೆ ಮಿಲಿಗ್ರಾಂ) ಇಳಿಯುತ್ತದೆ, ಮಳೆ ನೀರು ಬೇರೆ ಇಳಿಸಿರುತ್ತದೆ. 80ಕ್ಕಿಂತ ಕಡಿಮೆ ಇದ್ದರೆ ಅಡುಗೆ ಸೋಡ ಹಾಕಿ: ನಿಮ್ಮ ಪೂಲ್‌ಗೆ 10 ಪಿಪಿಎಂ ಏರಿಸಲು ಸುಮಾರು 850 ಗ್ರಾಂ.

ಕ್ಲೋರಿನ್ 1-3 ಪಿಪಿಎಂ ಇರಲಿ. 65% ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ 77 ಗ್ರಾಂ ಹಾಕಿದಾಗ 1 ಪಿಪಿಎಂ ಏರುತ್ತದೆ. ಪಾಚಿಗೆ ಶಾಕ್ (ಒಮ್ಮೆಲೇ ಹೆಚ್ಚು ಕ್ಲೋರಿನ್) ಕೊಡುವುದಾದರೆ 770 ಗ್ರಾಂ, ಸಂಜೆ ಹೊತ್ತು. ಇದನ್ನೂ ಟಿಸಿಸಿಎ (ಇನ್ನೊಂದು ಬಗೆಯ ಕ್ಲೋರಿನ್) ಮಾತ್ರೆಯನ್ನೂ ಒಂದೇ ಬಕೆಟ್‌ನಲ್ಲಿ, ಒಂದೇ ಚಮಚದಲ್ಲಿ ಮುಟ್ಟಬೇಡಿ. ಬೆರೆತರೆ ಬೆಂಕಿ ಹೊತ್ತಿಕೊಳ್ಳುತ್ತದೆ, ಸ್ಫೋಟವೂ ಆಗಬಹುದು. ಪುಡಿಯನ್ನು ನೀರಿಗೆ ಹಾಕಬೇಕು, ಪುಡಿಯ ಮೇಲೆ ನೀರು ಸುರಿಯಬಾರದು.

ಇನ್ನೊಂದು, ಅಡಿಕೆ ಕೊಳೆರೋಗಕ್ಕೆ ತಂದ ಮೈಲುತುತ್ತ ಮನೆಯಲ್ಲಿ ಇದ್ದೇ ಇರುತ್ತದೆ, ಪಾಚಿಗೂ ಅದನ್ನೇ ಹಾಕುವ ಅಭ್ಯಾಸ ನಮ್ಮ ಕಡೆ ಉಂಟು. ಪಾಚಿ ಸಾಯುತ್ತದೆ ನಿಜ. ತಾಮ್ರ ನೀರಲ್ಲೇ ಉಳಿದು ಟೈಲ್ಸ್‌ಗೆ ಕಲೆ ಹಿಡಿಯುತ್ತದೆ, ಬಿಳಿ ಕೂದಲಿನ ಅತಿಥಿಗಳ ತಲೆ ಹಸಿರಾಗುತ್ತದೆ.

ಕೇಳಿದವರು: ವೇಸ್ಟ್ ನೀರನ್ನು ಕಾಫಿ ಗಿಡಕ್ಕೆ ಬಿಡಬಹುದಾ?

ಉತ್ತರ 1: ಸೀದಾ ಬೇಡ, ಹಳ್ಳಕ್ಕಂತೂ ಬೇಡವೇ ಬೇಡ, ಮೀನು ಸಾಯುತ್ತವೆ. ಗುಂಡಿ ತೋಡಿ ನಿಲ್ಲಿಸಿ, ಟೆಸ್ಟ್ ಕಿಟ್‌ನಲ್ಲಿ ಕ್ಲೋರಿನ್ ಸೊನ್ನೆ ಬಂದ ಮೇಲೆ ಮೇಲಿನ ತಿಳಿ ನೀರು ಬಿಡಿ. ಪಟಿಕದ ಗಷ್ಟು ಗುಂಡಿಯಲ್ಲೇ ಇರಲಿ. ಮೂಲದಲ್ಲೇ ಕಡಿಮೆ ಮಾಡಬೇಕಾದರೆ ದಿಬ್ಬದ ಕಡೆ ಒಂದು ಅಡಿ ಆಳದ ಕಾಲುವೆ ತೆಗೆದು ಮಳೆ ನೀರನ್ನು ಪಕ್ಕಕ್ಕೆ ತಿರುಗಿಸಿ; ಈ ಪಟಿಕ ಗಿಟಿಕ ಎಲ್ಲ ವರ್ಷಕ್ಕೊಮ್ಮೆ ಬೇಕಾದರೆ ಹೆಚ್ಚು.