‘ಕೂಡಿಸಿಕೊಳ್ಳು’: ಮನವಿ ಪತ್ರದಲ್ಲಿ ಈ ಪದ ನಡೆಯುತ್ತಾ?

ಗೆಳೆಯರೇ,

ಕೊಪ್ಪಳದ ನಮ್ಮ ಅಂಗವಿಕಲರ ಗುಂಪಿಗಾಗಿ ಸರ್ಕಾರಕ್ಕೆ ಒಂದು ಮನವಿ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಮಾಡಿದ ಒಡಂಬಡಿಕೆಯನ್ನು ಭಾರತ 2007ರಲ್ಲಿ ಒಪ್ಪಿಕೊಂಡಿದೆ. ನಮಗೆ ಸಂಬಂಧಿಸಿದ ಕಾನೂನು, ನೀತಿ ಮಾಡುವಾಗ ನಮ್ಮನ್ನು ಕೇಳಬೇಕು, ಆ ಕೆಲಸದಲ್ಲಿ ನಾವೂ ಇರಬೇಕು ಅಂತ ಅದರ 4ನೇ ವಿಧಿ ಹೇಳುತ್ತದೆ. ಕೇಳುವುದು ಬೇರೆ, ಕೆಲಸದಲ್ಲಿ ಇರುವುದು ಬೇರೆ.

ಮೊದಲನೆಯದಕ್ಕೆ ‘ಸಮಾಲೋಚನೆ’ ಎಂದು ಬರೆದಿದ್ದೆ. ಓದಿ ಹೇಳಿದಾಗ ಗುಂಪಿನ ಒಬ್ಬ ಅಕ್ಕ ಕೇಳಿದರು: “ನನಗ್ಯಾಕ್ರೀ ಸಮಾಲೋಚನೆ? ನನ್ನ ತಲಿ ಚಲೋ ಐತಿ.” ಆಸ್ಪತ್ರೆಗಳಲ್ಲಿ ‘ಆಪ್ತ ಸಮಾಲೋಚನೆ’ ಬೋರ್ಡು ನೋಡಿ ನೋಡಿ ಪದವೇ ಅತ್ತ ವಾಲಿದೆ. ಅಲ್ಲಿ ಅವರು ಹೇಳುತ್ತಾರೆ, ನಾವು ಕೇಳುತ್ತೇವೆ. ನಮಗೆ ಬೇಕಾದ್ದು ಅದರ ಉಲ್ಟಾ, ಅಲ್ವಾ?

ಎರಡನೆಯದು ಇನ್ನೂ ಕಷ್ಟ. ಎಲ್ಲರೂ ‘ಒಳಗೊಳ್ಳುವಿಕೆ’ ಎಂದು ಬರೆಯುತ್ತಾರೆ. ‘ಅಂಗವಿಕಲರನ್ನು ಒಳಗೊಂಡ ಸಭೆ’ ಅಂದರೆ ನಾವು ಸುಮ್ನೆ ಇದ್ದರೂ ನಡೆಯುತ್ತದೆ. ಹೋದ ಸಲ ಆಗಿದ್ದೂ ಅದೇ. ಸ್ಥಳೀಯ ಸಂಸ್ಥೆಯ ಹಣದಲ್ಲಿ ನಮಗೆ ಮೀಸಲಾದ ಶೇ 5ರ ಅನುದಾನದ ಸಭೆ. ಪಟ್ಟಿ ಮೊದಲೇ ಟೈಪ್ ಆಗಿತ್ತು: ಹೊಲಿಗೆ ಯಂತ್ರ, ತ್ರಿಚಕ್ರ ಬಂಡಿ. ಶೌಚಾಲಯಕ್ಕೆ ಇಳಿಜಾರು ಬೇಕು ಅಂತ ಕೇಳಲು ಬಂದಿದ್ದ ಹುಡುಗ ಮೆಟ್ಟಿಲ ಕೆಳಗೆ ತನ್ನ ಬಂಡಿಯಲ್ಲೇ ಕೂತಿದ್ದ. ಹಾಜರಿ ಪುಸ್ತಕವನ್ನು ಕೆಳಗೆ ತಂದು ಅವನ ಸಹಿ ಹಾಕಿಸಿಕೊಂಡು ಹೋದರು. ಅವನ ಮಾತು ಮೇಲೆ ಹೋಗಲೇ ಇಲ್ಲ. ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

(ನಮಗಾಗಿ ಇರುವ ಸರ್ಕಾರಿ ಇಲಾಖೆಯ ಹೆಸರಲ್ಲಿ ‘ವಿಕಲಚೇತನ’ ಇದೆ. ವಿಕಲವಾಗಿರುವುದು ನಮ್ಮ ಚೇತನ ಅಲ್ಲ. ಹಾಗಾಗಿ ನಾವು ‘ಅಂಗವಿಕಲ’ ಅಂತಲೇ ಬರೆಯುತ್ತೇವೆ.)

ನಮ್ಮ ಕಡೆ ಮಂದಿ ಆಡುವ ಮಾತು ಬೇರೆ: “ನಮ್ಮನ್ನೂ ಕೂಡಿಸ್ಕೊಂಡು ಮಾಡ್ರಿ.” ಆಸ್ತಿ ಪಾಲು ಮಾಡುವಾಗ, ಮದುವೆ ಮಾತಾಡುವಾಗ ಹಿರಿಯರನ್ನು ಕೂಡಿಸಿಕೊಳ್ಳುತ್ತಾರೆ. ಅವರು ಹೂಂ ಅನ್ನದೆ ಮಾತು ಮುಗಿಯುವುದಿಲ್ಲ. ಈ ಪದದಲ್ಲಿ ಸೇರಿಸುವುದೂ ಇದೆ, ಪಕ್ಕದಲ್ಲಿ ಕೂರಿಸುವುದೂ ಇದೆ. ಅದಕ್ಕೇ ನನಗೆ ಇದು ಜಾಸ್ತಿ ಹಿಡಿಸಿದೆ. ಒಂದೇ ಕೊರತೆ. ಇಲ್ಲೂ ಕೂಡಿಸಿಕೊಳ್ಳುವವರು ಸರ್ಕಾರದವರು, ನಾವು ಕರೆಸಿಕೊಂಡವರು. ‘ಅಂಗವಿಕಲರೂ ಸರ್ಕಾರವೂ ಕೂಡಿ ನೀತಿ ಮಾಡಬೇಕು’ ಎಂದು ತಿದ್ದಿದರೆ ಇಬ್ಬರೂ ಮಾಡುವವರೇ ಆಗುತ್ತಾರೆ. ಆದರೆ ಕಾನೂನು ಓದುವವರು ಇದನ್ನು ಬರೀ ‘ಒಟ್ಟಿಗೆ’ ಎಂದು ತೇಲಿಸಿಬಿಟ್ಟರೆ ಅನ್ನೋ ಭಯ.

ಮೈಸೂರು, ಮಂಗಳೂರು ಕಡೆಯವರು ಹೇಳಿ: ‘ಕೂಡಿಸಿಕೊಂಡು’ ಅಂದರೆ ನಿಮಗೆ ಈ ಅರ್ಥ ಹೊಳೆಯುತ್ತಾ, ಇಲ್ಲ ಲೆಕ್ಕ ಕೂಡಿಸೋದಷ್ಟೇ ನೆನಪಾಗುತ್ತಾ? ‘ಸಮಾಲೋಚನೆ’ಯ ಜಾಗಕ್ಕೆ ‘ಕೇಳಿ ಮಾಡುವುದು’ ಎಂದೇ ಬರೆಯಲಾ? ಮುಂದಿನ ಸೋಮವಾರ ಮನವಿ ಕೊಡಬೇಕು.